ತಿಪ್ಪೆಯೊಳಗಿನ ಕೆಂಡ

ಒದ್ದೆ ಇದ್ದಿಲಿಗೆ ಗಂಜಲ ಬಿದ್ದ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ನಮ್ಮ ತೆಂಗಿನ ತೋಟದ್ದು ಮರಳು ನೆಲ. ಹಾಕಿದ ಗೊಬ್ಬರದ ಸಾರವೆಲ್ಲ ಒಂದೇ ಮಳೆಗೆ ಇಳಿದುಹೋಗುತ್ತಿತ್ತು. "ಇದ್ಲು ಸಾರ ಹಿಡ್ಕಂತದೆ" ಎಂದು ಅಪ್ಪ ಕೊಬ್ಬರಿ ತೆಗೆದ ಚಿಪ್ಪುಗಳನ್ನು ಗುಂಡಿಯಲ್ಲಿ ಸುಟ್ಟು, ಸಗಣಿಗೊಬ್ಬರಕ್ಕೆ ಬೆರೆಸಿ ಮರದ ಬುಡಕ್ಕೆ ಹಾಕುತ್ತಿದ್ದರು. ನಾನು ಚಿಕ್ಕವಳಿದ್ದಾಗ ಒಂದು ದಿನ ಅವರು ಇದ್ದಿಲಿನ ಮೇಲೆ ನೀರು ಚಿಮುಕಿಸಿ, "ಆರೈತೆ ಬುಡವ್ವ" ಎಂದು ಅಜ್ಜಿಗೆ ಹೇಳಿ, ಕೊಟ್ಟಿಗೆ ಪಕ್ಕದ ಒಣ ತಿಪ್ಪೆಗೆ ಸುರಿದು ತಿಪಟೂರಿಗೆ ಹೋದರು.

ಮಧ್ಯಾಹ್ನ ನಾನು ಕೊಟ್ಟಿಗೆಯಲ್ಲಿ ಕರುವಿನ ಜೊತೆ ಆಡುತ್ತಿದ್ದೆ. ತಿಪ್ಪೆಯಿಂದ ಹೊಗೆ ಏಳತೊಡಗಿತು. ಬೆಂಕಿ ಮಾತ್ರ ಎಲ್ಲೂ ಕಾಣಲಿಲ್ಲ. ನಾನು ನಿಂತ ನೆಲವೂ ಒಳಗೇ ಉರಿಯುತ್ತಿದೆ ಎನಿಸಿ ಕರುವನ್ನು ತಬ್ಬಿ ನಿಂತೆ. ಹಸು ಹಗ್ಗ ಜಗ್ಗಿ ಅರಚಿತು.

ಅಜ್ಜಿ ಓಡಿಬಂದಳು. ಕರೆಂಟ್ ಇರಲಿಲ್ಲ, ನೀರಿನ ತೊಟ್ಟಿ ಖಾಲಿ. "ಗಂಜಲ ಮೊಗಿಯೇ, ನಿಂತ್ಕಬ್ಯಾಡ!" ಎಂದಳು. ಕೊಟ್ಟಿಗೆ ಗುಂಡಿಯ ಗಂಜಲವನ್ನು ಇಬ್ಬರೂ ಮೊಗೆಮೊಗೆದು ಸುರಿದೆವು. ಹೊಗೆ ನಿಂತಿತು. ನಾನು ಹತ್ತಿರ ಹೋದೆ.

"ಅಲ್ಲೇ ನಿಲ್ಲು ಕಣೇ, ಒಳಗೆ ಕೆಂಡ ಇರ್ತದೆ" ಎಂದ ಅಜ್ಜಿ ತಿಪ್ಪೆಯೊಳಗೆ ಮೊಣಕೈವರೆಗೂ ಕೈ ತೂರಿಸಿ ತಡಕಾಡಿದಳು. ಒಮ್ಮೆಲೇ ಅವಳ ಮುಖ ಕಿವುಚಿಕೊಂಡಿತು. ಕೈ ಮಾತ್ರ ಹೊರಗೆ ಬರಲಿಲ್ಲ.

"ಇಲ್ಲೈತೆ," ಎಂದಳು. "ನನ್ ಕೈ ಮ್ಯಾಲೇ ಹುಯ್ಯಿ."