ಸರಪಳಿ ಕಳಚಿದ ಮನೆ

ಊರಿನ ಮನೆಗಳೆಲ್ಲ ಪ್ರತಿವರ್ಷದಂತೆ ಬೇಸಿಗೆ ಕಳೆಯಲು ಕೆರೆದಂಡೆಗೆ ನಡೆದುಹೋಗಿದ್ದವು. ತೀರಿಕೊಂಡ ಚಿತ್ರಕಾರ ತೋಟಪ್ಪನವರ ಮನೆ ಮಾತ್ರ ಸರಪಳಿ ಜಗ್ಗುತ್ತ ನಿಂತಿತ್ತು. ಅವರ ಒಂದು ಕುಂಚವೂ ಜರುಗಬಾರದೆಂದು ಸ್ಮಾರಕ ಸಮಿತಿ ಅದನ್ನು ಕಟ್ಟಿಹಾಕಿತ್ತು. ಗೋಡೆ ಬಿರಿಯತೊಡಗಿದ್ದನ್ನು ಕಂಡು, ಮನೆ ನೋಡಿಕೊಳ್ಳುವ ನೀಲವ್ವ ಕೊಂಡಿ ಕಳಚಿಯೇಬಿಟ್ಟಳು.

“ಅಯ್ಯೋ, ಮನಿ ಓಡಾಕತ್ತೈತಿ, ಹಿಡೀರಿ!” ಸಮಿತಿಯ ಅಧ್ಯಕ್ಷರು ಧೋತರ ಎತ್ತಿಕೊಂಡು ಬೆನ್ನುಹತ್ತಿದರು.

“ಬಿಡ್ರೀ ಸಾಹೇಬ್ರ, ಅದಕ್ಕ ದಾರಿ ಗೊತ್ತೈತಿ!” ಎನ್ನುತ್ತ ನೀಲವ್ವ ಪಡಸಾಲೆಗೆ ಹಾರಿ ಕಂಬ ತಬ್ಬಿದಳು. ಹಿಂದೆಯೇ ಕೈತೋಟವೂ ಮಲ್ಲಿಗೆ ಬಳ್ಳಿ ಎಳೆದುಕೊಂಡು ಓಡಿಬಂತು.

ಮನೆ ಕೆರೆ ದಾಟಿ, ದಿಬ್ಬ ಹತ್ತಿ, ಒಂದು ಸುತ್ತು ತಿರುಗಿ ಕೂತಿತು. ನೀಲವ್ವ ಚಿತ್ರಶಾಲೆಯ ಕಿಟಕಿ ತೆರೆದಳು. ಹೊರಗೆ ಕೆಂಪು ಬಂಡೆ, ಬಾಗಿದ ಈಚಲ ಮರ. ತೋಟಪ್ಪನವರು ಅರ್ಧಕ್ಕೆ ಬಿಟ್ಟ ಚಿತ್ರದಲ್ಲಿದ್ದದ್ದೂ ಇವೇ. ಎಲ್ಲಿಯವೆಂದು ಸಮಿತಿ ಹುಡುಕಿ ಸೋತಿತ್ತು.

ಏದುಸಿರು ಬಿಡುತ್ತ ಬಂದ ಅಧ್ಯಕ್ಷರು ಕಿಟಕಿ ನೋಡಿದರು, ಚಿತ್ರ ನೋಡಿದರು.

“ನೀಲವ್ವಾ, ಮುಂದಿನ ವರ್ಷ ನನಗೂ ಒಳಗ ಜಾಗಾ ಇಡವಾ.”