ಕನ್ನಡಿಯ ಹಿಂದಿನ ಬೀಗ

ಹಲ್ಲುಜ್ಜಿದ ಮೇಲೆ ಕನ್ನಡಿಗೆ ಉಸಿರು ಊದಿದರೆ, ಅಂದು ಮನಸ್ಸಿಗೆ ಏನು ಬೇಕೆಂಬುದು ಆವಿಯ ಮೇಲೆ ಮೂಡುತ್ತಿತ್ತು. ಗದಗಿನ ಎಲ್ಲ ಮನೆಗಳಲ್ಲೂ ದಿನ ಹೀಗೇ ಶುರುವಾಗುತ್ತಿತ್ತು. ಮಂದಾಕಿನಿಯ ಕನ್ನಡಿ ಮಾತ್ರ ಇಪ್ಪತ್ತೆರಡು ವರ್ಷಗಳಿಂದ ‘ಮನೆಯವರು ಹೊಟ್ಟೆ ತುಂಬ ಉಂಡರೆ ಸಾಕು’ ಎಂದೇ ಬರೆಯುತ್ತಿತ್ತು. ಈಜುಕೊಳದ ಮುಂದೆ ಹಾಯುವಾಗ ಕಾಲು ತಾನಾಗಿ ನಿಂತರೂ, ಕನ್ನಡಿ ಹೇಳದ್ದು ತನ್ನ ಆಸೆಯಲ್ಲವೆಂದು ಅವಳು ಮುಂದೆ ನಡೆಯುತ್ತಿದ್ದಳು.

ಇವತ್ತು ಸಡಿಲಾದ ಚೌಕಟ್ಟಿನ ರಿಪೇರಿಗೆ ಬಂದ ಮೆಹಬೂಬಿ ಹಿಂಬದಿಯ ತಗಡು ಬಿಚ್ಚಿ, ಒಳಗೆ ಅಂಟಿಸಿದ್ದ ಹಳೆಯ ರಸೀದಿ ಓದಿದಳು.

“ಅಕ್ಕಾರ, ಇದು ನಿಮ್ಮ ಮನಸ್ಸು ಓದೇ ಇಲ್ರಿ. ಮದುವಿ ವರ್ಷನಽ ರಾಯರು ಒಂದು ಸಾಲು ಬರೆಸಿ ಬೀಗ ಹಾಕಿಸ್ಯಾರ.”

ಗಂಡ ವಾಮನರಾಯ ಪೇಪರು ಮಡಿಸಿದ. “ನೀ ಆರಾಮ ಇರಬೇಕಂತ ಮಾಡಿಸಿದ್ದೆ. ನಿನಗೂ ಅದಽ ಬೇಕಾಗಿತ್ತಲ್ಲ?”

ತನಗೆ ಏನು ಬೇಕಾಗಿತ್ತೆಂದು ಮಂದಾಕಿನಿ ತಿಳಿಯುವ ದಾರಿಯನ್ನೇ ಅವನು ಮುಚ್ಚಿದ್ದ.

ಮೆಹಬೂಬಿ ಬೀಗ ತೆಗೆದಳು. ಮಂದಾಕಿನಿ ಊದಿದಳು. ಮೂಡಿದ್ದನ್ನು ಓದಿ, ಅವನು ಎದ್ದು ಬರುವ ಮೊದಲೇ ಅಂಗೈಯಿಂದ ಒರೆಸಿದಳು.

“ಏನಂತ ಬಂತು?”

“ಅನ್ನಕ್ಕ ನೀವಽ ಇಡ್ರಿ,” ಎಂದು ಅವಳು ಟವೆಲು ಹೆಗಲಿಗೆ ಹಾಕಿ ಚಪ್ಪಲಿ ಮೆಟ್ಟಿದಳು.