ಕೊಟ್ಟಿಗೆಯ ತಟ್ಟೆ

ಬೆಟ್ಟಮ್ಮ ಮಗನ ತಟ್ಟೆಯನ್ನು ಒಯ್ದು ಕೊಟ್ಟಿಗೆಯ ಗೂಟದ ಬಳಿ ಇಟ್ಟಳು. ಇಲ್ಲಿಯವರೆಗೆ ಅಲ್ಲಿದ್ದದ್ದು ಸೊಸೆ ಸುಮಿತ್ರಳ ತಟ್ಟೆ. ಅವಳಿಗೆ ಎಚ್‌ಐವಿ ಬಂದದ್ದು ಗಂಡನಿಂದಲೇ ಆದರೂ, ದಿಲೀಪ ಒಲೆಯ ಮುಂದೆ ಉಣ್ಣುತ್ತಿದ್ದ, ಅವಳು ದನಗಳ ಪಕ್ಕದಲ್ಲಿ. ಇವತ್ತು ನಾಗಮಂಗಲದ ಆಸ್ಪತ್ರೆಯಲ್ಲಿ ನರ್ಸಮ್ಮ ಇಬ್ಬರ ರಕ್ತಪರೀಕ್ಷೆಯ ಫಲಿತಾಂಶ ಹೇಳಿದ್ದರು. ತಪ್ಪದೆ ಮಾತ್ರೆ ನುಂಗಿದ ಸುಮಿತ್ರಳ ರಕ್ತದಲ್ಲಿ ವೈರಸ್ಸು ಯಂತ್ರದ ಲೆಕ್ಕಕ್ಕೂ ಸಿಗದಷ್ಟು ಇಳಿದಿತ್ತು. ಮಾತ್ರೆ ಬಿಟ್ಟ ದಿಲೀಪನ ರಕ್ತದಲ್ಲಿ ಅದರ ಎಣಿಕೆ ಲಕ್ಷ ದಾಟಿತ್ತು.

"ಬಾರವ್ವ, ಒಳಕ್ಕೆ ಬಾ. ಇನ್ಮೇಲೆ ನೀನೇ ಮುದ್ದೆ ಕಟ್ಟು," ಎಂದಳು ಬೆಟ್ಟಮ್ಮ. "ಮಾತ್ರೆ ನುಂಗಕ್ಕೆ ಇವನ್ಗೇನ್ ದಾಡಿ? ಅಲ್ಲೇ ಉಣ್ಲಿ ಬುಡು."

ಜಗಲಿಯಲ್ಲಿದ್ದ ದಿಲೀಪ ತಲೆ ಎತ್ತಲಿಲ್ಲ. ಅವನು ಗಂಜಲದ ವಾಸನೆಯಲ್ಲಿ ಕೂತು ಉಣ್ಣುವುದನ್ನು ಸುಮಿತ್ರ ಎಷ್ಟೋ ಸಲ ಮನಸ್ಸಿನಲ್ಲೇ ಕಂಡು ಸಮಾಧಾನಪಟ್ಟಿದ್ದಳು. ಈಗ ಅವಳೇ ಕೊಟ್ಟಿಗೆಗೆ ಹೋಗಿ, ಆ ತಟ್ಟೆಯನ್ನು ಎತ್ತಿಕೊಂಡು ಬಂದು ತೊಳೆದು, ತನ್ನ ತಟ್ಟೆಯ ಪಕ್ಕಕ್ಕಿಟ್ಟಳು. ಕೈ ಒದ್ದೆ ಮಾಡಿಕೊಂಡು ಬಿಸಿ ಹಿಟ್ಟನ್ನು ಉರುಳಿಸಿ ಮುದ್ದೆ ಕಟ್ಟತೊಡಗಿದಳು.

"ಏನವ್ವಾ ನೀನು, ಅವ್ನಿಗೆ ಈಗ ಲಕ್ಷಗಟ್ಲೆ ಐತಂತಲ್ಲ," ಎಂದಳು ಬೆಟ್ಟಮ್ಮ.

"ಅದಕ್ಕೇ ಉಂಡ್ಮೇಲೆ ನನ್ನ ಮುಂದೇನೇ ಮಾತ್ರೆ ನುಂಗ್ಲಿ. ತಟ್ಟೆಯಿಂದ ಬರೋ ಕಾಯ್ಲೆ ಅಲ್ಲ ಕಣತ್ತೆ ಇದು. ನರ್ಸಮ್ಮ ಮೊದಲ್ನೇ ದಿನಾನೇ ನಿಮ್ಗೆ ಹೇಳಿದ್ರು." ಸುಮಿತ್ರ ಮೊದಲ ಮುದ್ದೆಯನ್ನು ಅತ್ತೆಯ ತಟ್ಟೆಗೆ ಇಟ್ಟಳು. "ನನ್ನ ರಕ್ತದಲ್ಲಿ ಲಕ್ಷ ಇದ್ದಾಗ್ಲೂವೆ ನಾನು ಇಲ್ಲೇ ಕೂತು ಉಣ್ಬೋದಾಗಿತ್ತು."